ಭಾನುವಾರದ ನಾಟಿ

ಮಾನ್ಯ ಓದುಗರಲ್ಲಿ ವಿನಂತಿಸಿಕೊಳ್ಳುವುದೇನೆಂದರೆ, ನಾಗಮಂಗಲದ ಕಚೇರಿಯೊಂದರಲ್ಲಿ ಪತ್ರ ಬರೆಯುವುದಷ್ಟೇ ನನಗೆ ರೂಢಿ. ನೆನಪನ್ನು ಬರೆಯುತ್ತಿರುವುದು ಇದೇ ಮೊದಲು. ಲೋಪವಿದ್ದಲ್ಲಿ ಮನ್ನಿಸಬೇಕು.

ನಮ್ಮೂರು ಚಿನಕುರಳಿ. ಆ ದಿನಗಳಲ್ಲಿ ನಾಲೆಗೆ ನೀರು ಬಿಟ್ಟರೆಂದರೆ ಹೆಂಗಸರೆಲ್ಲ ಮುಯ್ಯಾಳಾಗುತ್ತಿದ್ದರು. ಇಂದು ಅವರು ನಮ್ಮ ಗದ್ದೆಯಲ್ಲಿ ನಾಟಿ ಮಾಡಿದರೆ ನಾಳೆ ನಾವು ಅವರ ಗದ್ದೆಯಲ್ಲಿ. ಕೂಲಿಯ ಮಾತಿರಲಿಲ್ಲ, ಬದುವಿನ ಮೇಲೆ ಬಿಸಿ ಮುದ್ದೆ, ಹುರುಳಿಕಾಳಿನ ಬಸ್ಸಾರು ಇದ್ದರೆ ಸಾಕಿತ್ತು.

ನಾನು ಮೂರನೇ ತರಗತಿಯಲ್ಲಿದ್ದ ವರ್ಷ ಊರಿಗೆ ಗಾರ್ಮೆಂಟ್ಸಿನ ವ್ಯಾನು ಬಂತು. ದೇಶದ ಆರ್ಥಿಕ ನೀತಿ ಬದಲಾಗಿ, ಹೊರದೇಶಕ್ಕೆ ಬಟ್ಟೆ ಹೊಲಿಯುವ ಕಾರ್ಖಾನೆಗಳು ಬಂದಿವೆ, ಇದಕ್ಕೆ ಉದಾರೀಕರಣ ಎನ್ನುತ್ತಾರೆ ಎಂದು ಮೇಷ್ಟ್ರು ತಿಳಿಸಿದರು. ಸದರಿ ಪದವನ್ನು ಹಾಗೆಯೇ ಅಜ್ಜಿಗೆ ಒಪ್ಪಿಸಿದೆ.

"ಉದಾರ ಅಂತೆ ಉದಾರ. ಊರೆಂಗುಸ್ರುನ್ನೆಲ್ಲ ವ್ಯಾನ್ಗೆ ತುಂಬ್ಕಂಡೋದ್ರೆ ನಮ್ ಪೈರು ಯಾರು ನೆಡ್ತಾರೆ ಕಣಮ್ಮಿ, ನಿಮ್ ಮೇಷ್ಟ್ರಾ?"

ಅವ್ವನಿಗೂ ಆ ವ್ಯಾನು ಹತ್ತುವ ಆಸೆ. "ತಿಂಗ್ಳು ತಿಂಗ್ಳು ಸಂಬ್ಳ ಕಣತ್ತೆ, ಮಳೆ ಬಂದ್ರೂ ಬರ್ದಿದ್ರೂ" ಎಂದಳು.

"ನಾಟಿ ಮುಗುಸ್ಬುಟ್ಟು ಎಲ್ಗಾರ ಓಗು. ನಾಟಿ ಕೆಟ್ರೆ ವ್ಯಾನೂ ಇಲ್ಲ ಗೀನೂ ಇಲ್ಲ" ಎಂದು ಅಜ್ಜಿ ತೀರ್ಮಾನ ಹೇಳಿದರು.

ಊರಲ್ಲಿ ಉಳಿದವರು ಕಾರ್ಖಾನೆಯ ಸಂಬಳಕ್ಕೆ ಸಮನಾಗಿ ಕೂಲಿ ಕೇಳತೊಡಗಿದರು. ಅಜ್ಜಿ ಒಪ್ಪಲಿಲ್ಲ. ಸಸಿಮಡಿಯಲ್ಲಿದ್ದ ಪೈರು ನಾಟಿಯ ಹದ ಮೀರಿ ಬಲಿಯುತ್ತಾ ಹೋಯಿತು. ಅವ್ವ ಪ್ರತಿ ಸಂಜೆ ಅದನ್ನು ನೋಡಿ ಬರುತ್ತಿದ್ದಳು. ನಾನು ಮಾತ್ರ ವ್ಯಾನು ನಿಲ್ಲುವಲ್ಲಿ ಕುಂಟೆಬಿಲ್ಲೆ ಆಡುತ್ತಾ ಡೀಸೆಲ್ಲಿನ ವಾಸನೆಯನ್ನು ಆಸೆಯಿಂದ ಎಳೆದುಕೊಳ್ಳುತ್ತಿದ್ದೆ.

ಒಂದು ಭಾನುವಾರ ಬೆಳಿಗ್ಗೆ, ಎಲ್ಲರಿಗಿಂತ ಮೊದಲು ವ್ಯಾನು ಹತ್ತಿದ್ದ ಪಕ್ಕದ ಮನೆಯ ನಿಂಗಮ್ಮತ್ತೆ ಹತ್ತಾರು ಹೆಂಗಸರೊಡನೆ ಬಂದು ನಿಂತಳು. ಎಲ್ಲರ ತಲೆಗೂ ಕಾರ್ಖಾನೆಯ ನೀಲಿ ಬಟ್ಟೆ.

"ಇವತ್ತು ರಜಾ ಕಣಜ್ಜಿ. ಪೈರು ನೆಡಾದಾ, ಇಲ್ಲ ಮೊಮ್ಮಗಳ ಮದ್ವೆಗೆ ಮಡೀಕಂಡಿದ್ದೀಯಾ?"

ಅವ್ವ ಎಲ್ಲರಿಗಿಂತ ಮೊದಲು ಕೆಸರಿಗಿಳಿದಳು. "ಸಾಲು ಸೊಟ್ಟಗಾದ್ರೆ ಸೂಪರ್‌ವೈಜರು ಬಿಚ್ಚಿ ಒಲಿ ಅಂತಾನೆ, ನೋಡ್ಕಂಡು ನೆಡ್ರಮ್ಮಿ" ಎಂದು ನಿಂಗಮ್ಮತ್ತೆ ಅಂದಾಗ ಗದ್ದೆಯೆಲ್ಲ ನಗು.

ಸಂಜೆ ಅಜ್ಜಿ ಸೆರಗಿನ ಗಂಟು ಬಿಚ್ಚಿ, ತಾವು ಒಪ್ಪದಿದ್ದ ಅದೇ ಕೂಲಿಯನ್ನು ಮುಂದೆ ಹಿಡಿದರು. ನಿಂಗಮ್ಮತ್ತೆ ಆ ಕೈಯನ್ನು ಹಿಂದಕ್ಕೆ ಸರಿಸಿದಳು.

"ಕಾಸು ಕಂಪ್ನಿಲಿ ಕೊಡ್ತಾರೆ. ಇದು ಮುಯ್ಯಿ ಕಣಜ್ಜಿ. ಬರೋ ಬಾನ್ವಾರ ನಮ್ ಗದ್ದೆಗೆ ಬಂದ್ಬುಡು."

ಅಜ್ಜಿ ಗಂಟು ಕಟ್ಟಿಕೊಂಡು, ಅವ್ವನ ಕಡೆ ತಿರುಗದೆಯೇ ಕೇಳಿದರು: "ನಾಳೀಕೆ ಎಷ್ಟೊತ್ಗೆ ಬತ್ತದೆ ಆ ವ್ಯಾನು?"

ಅವ್ವನ ಸಂಬಳದಿಂದಲೇ ನಾನು ಓದಿ ಈ ಕೆಲಸಕ್ಕೆ ಸೇರಿದೆನೆಂಬುದನ್ನು ಸಂತೋಷದಿಂದ ತಿಳಿಸುತ್ತೇನೆ. ಊರಿನಲ್ಲಿ ಕೂಲಿಯೂ ಏರಿತು, ಅದು ನ್ಯಾಯವೇ. ಈಗ ನಮ್ಮ ಗದ್ದೆಗೆ ನಾಟಿಯ ಯಂತ್ರ ಬರುತ್ತದೆ. ಸಾಲು ಒಂದಿಷ್ಟೂ ಸೊಟ್ಟಗಾಗುವುದಿಲ್ಲ. ಬಾಡಿಗೆ ಪಡೆದು ಹೊರಟುಹೋಗುತ್ತದೆ. ಬರುವ ಭಾನುವಾರ ನಮ್ಮ ಗದ್ದೆಗೆ ಬಾ ಎಂದು ಯಾರೂ ಕರೆಯುವುದಿಲ್ಲ.