ಎಂಬತ್ನಾಲ್ಕು ಶಬ್ದಗಳ ಹಾಳೆ

ಕೊರೊನಾ ಮುಗಿದು ಶಾಲೆಗಳು ಪೂರ್ತಿ ತೆರೆದ ಎರಡನೆಯ ವರ್ಷದ ಮಾತಿದು. ಆಗ ನಾನು ಸವಣೂರು ತಾಲ್ಲೂಕಿನಲ್ಲಿ ಇಂಗ್ಲಿಷ್ ವಿಷಯದ ಬಿ.ಆರ್.ಪಿ. ಆಗಿದ್ದೆ. ಪಾಠ ಮಾಡುವುದನ್ನು ಬಿಟ್ಟು, ಪಾಠ ಮಾಡುವವರಿಗೆ ತರಬೇತಿ ಕೊಡುತ್ತ ಶಾಲೆಯಿಂದ ಶಾಲೆಗೆ ಅಡ್ಡಾಡುವ ಹುದ್ದೆ ಅದು. ಅದಕ್ಕೂ ಮೊದಲು ತಿಳವಳ್ಳಿಯಲ್ಲಿ ಒಂಬತ್ತು ವರ್ಷ, ಶಿಗ್ಗಾಂವಿ ಕಡೆ ಏಳು ವರ್ಷ ಮಾಸ್ತರಿಕೆ ಮಾಡಿದ್ದೆ. ನಿವೃತ್ತಿಗೆ ಮೂರು ವರ್ಷ ಉಳಿದಿತ್ತು. ದಿನಕ್ಕೆ ಎರಡು ಶಾಲೆ, ಮೋಟರ್‌ಸೈಕಲ್ ಸವಾರಿ, ವಾಪಸ್ಸು ಬಂದು ಆನ್‌ಲೈನ್ ವರದಿ, ಮಲಗುವಾಗ ಸೊಂಟನೋವು. ಉತ್ಸಾಹ ಯಾವಾಗಲೋ ಮುಗಿದಿತ್ತು. ಕೆಲಸ ಮಾತ್ರ ನಡೆದಿತ್ತು.

ನನ್ನ ಬಗ್ಗೆ ಎರಡು ಮಾತು ಹೇಳಲೇಬೇಕು, ಇಲ್ಲದಿದ್ದರೆ ನಾನು ಮಾಡಿದ್ದು ಅರ್ಥವಾಗುವುದಿಲ್ಲ. ನಮ್ಮೂರು ಅಬಲೂರಿನ ಹತ್ತಿರ. ಅಪ್ಪ ಹಿರೇಕೆರೂರಿನಲ್ಲಿ ಹತ್ತಿ ಅಂಡಿಗೆ ಹೊರುವ ಹಮಾಲ. ಮನೆತನದಲ್ಲಿ ಡಿಗ್ರಿ ಮುಗಿಸಿದವನು ನಾನೇ ಮೊದಲಿಗ. ಬಿ.ಎ.ಯಲ್ಲಿ ಇಂಗ್ಲಿಷ್ ಎರಡು ಸಲ ಕೈಕೊಟ್ಟಿತು. ಮೂರನೆಯ ಸಲ ಗೈಡು ಬಾಯಿಪಾಠ ಮಾಡುವುದನ್ನು ಬಿಟ್ಟು, ಹಳೆಯ ಡಿಕ್ಷನರಿಯೊಂದನ್ನು ಹಿಡಿದು ಕೂತೆ. ದಿನಕ್ಕೆ ಇಪ್ಪತ್ತು ಶಬ್ದ, ಪ್ರತಿಯೊಂದರ ಅರ್ಥ. ಪಾಸಾದೆ. ಆ ಹೆಮ್ಮೆ ಇಂದಿಗೂ ಇದೆ, ಮುಚ್ಚಿಡುವುದಿಲ್ಲ. ಆದರೆ ಅದರ ಜೊತೆಗೇ ಒಂದು ಕೆಟ್ಟ ಗುಣವೂ ಅಂಟಿಕೊಂಡಿತು. ಅರ್ಥ ಗೊತ್ತಿಲ್ಲದೆ ಇಂಗ್ಲಿಷ್ ಶಬ್ದ ಬಳಸುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತಿತ್ತು.

ಆ ವರ್ಷ ಹೈಸ್ಕೂಲು ಮಕ್ಕಳಿಗೆ ತಾಲ್ಲೂಕು ಮಟ್ಟದ ‘ವರ್ಡ್ ಬಿಲ್ಡಿಂಗ್’ ಸ್ಪರ್ಧೆ ನಡೆಸುವ ಹೊಣೆ ನನ್ನ ಮೇಲೆ ಬಿತ್ತು. ಬೋರ್ಡಿನ ಮೇಲೆ ಕೆಲವು ಇಂಗ್ಲಿಷ್ ಅಕ್ಷರ ಬರೆಯುತ್ತೇವೆ. ಅವುಗಳನ್ನಷ್ಟೇ ಬಳಸಿ, ಅರ್ಧ ಗಂಟೆಯಲ್ಲಿ ಎಷ್ಟು ಶಬ್ದ ಹೊಳೆಯುತ್ತವೋ ಅಷ್ಟನ್ನು ಬರೆಯಬೇಕು. ಶಬ್ದದಲ್ಲಿ ಕನಿಷ್ಠ ಮೂರು ಅಕ್ಷರವಿರಬೇಕು. ಒಂದು ಅಕ್ಷರವನ್ನು ಒಂದು ಶಬ್ದದಲ್ಲಿ ಒಂದೇ ಸಲ ಬಳಸಬೇಕು. ಹೆಚ್ಚು ಬರೆದವರು ಜಿಲ್ಲಾ ಮಟ್ಟಕ್ಕೆ ಹೋಗುತ್ತಾರೆ. ಸುತ್ತೋಲೆಯಲ್ಲಿದ್ದದ್ದು ಇಷ್ಟೇ. ಅರ್ಥ ಕೇಳಬೇಕೆಂದು ಅದರಲ್ಲಿ ಎಲ್ಲಿಯೂ ಇರಲಿಲ್ಲ.

ನಾವು ಕೊಟ್ಟದ್ದು ಒಂಬತ್ತು ಅಕ್ಷರ: ಎ, ಡಿ, ಇ, ಐ, ಎಲ್, ಎನ್, ಆರ್, ಎಸ್, ಟಿ. ಅಕ್ಷರಗಳನ್ನು ಟೈಪ್ ಮಾಡಿದರೆ ಅವುಗಳಿಂದಾಗುವ ಶಬ್ದಗಳ ಪಟ್ಟಿಯನ್ನೇ ಕೊಡುವ ವೆಬ್‌ಸೈಟುಗಳಿವೆ. ಹಿಂದಿನ ದಿನ ಅಂಥದೊಂದರಿಂದ ಪಟ್ಟಿ ತೆಗೆದು, ಪ್ರಿಂಟ್ ಮಾಡಿ ನನ್ನ ಚೀಲದಲ್ಲಿಟ್ಟುಕೊಂಡಿದ್ದೆ. ಅದೇ ನಮ್ಮ ‘ಕೀ’. ಮಕ್ಕಳ ಶಬ್ದ ಅದರಲ್ಲಿದ್ದರೆ ಸರಿ, ಇಲ್ಲದಿದ್ದರೆ ತಪ್ಪು.

ಮೌಲ್ಯಮಾಪನಕ್ಕೆ ನಾನು ಮತ್ತು ಹಿರೇಮಠ ಎಂಬ ಸಹಶಿಕ್ಷಕರು ಕೂತೆವು. ಹೆಚ್ಚಿನ ಹಾಳೆಗಳಲ್ಲಿ ಇಪ್ಪತ್ತು, ಇಪ್ಪತ್ತೈದು ಶಬ್ದ. ಒಬ್ಬ ಹುಡುಗ ಮೂವತ್ತೊಂದು ಬರೆದಿದ್ದ. ಕೊನೆಗೆ ಬಂದ ಒಂದು ಹಾಳೆಯಲ್ಲಿ ಎಂಬತ್ನಾಲ್ಕು ಶಬ್ದಗಳಿದ್ದವು. ಎಲ್ಲವೂ ಕೀಯಲ್ಲಿದ್ದವು. ಬರೆದವಳು ಯಲವಿಗಿ ಕಡೆಯ ಒಂದು ಹಳ್ಳಿಯ ಎಂಟನೆಯ ತರಗತಿಯ ತಸ್ಲೀಮಾ.

ಹಿರೇಮಠರು ಕನ್ನಡಕ ತೆಗೆದು ನನ್ನನ್ನು ನೋಡಿದರು. “ಸರ, ಕೀ ನಿಮ್ಮ ಚೀಲದಾಗ ಇತ್ತಲ್ಲ, ಚೀಲ ಎಲ್ಲಿತ್ತು?”

ಚೀಲ ಮುಂಜಾನೆಯಿಂದ ಸ್ಪರ್ಧೆ ನಡೆದ ಕೋಣೆಯ ಮೇಜಿನ ಮೇಲೇ ಇತ್ತು. ಹುಡುಗಿಯನ್ನು ಕರೆಸಿದೆವು.

“ಇದನ್ನ ನೀನ ಬರದೀಯೇನವಾ?”

“ಹೂಂನ್ರಿ ಸರ್.”

“ಟೈರೇಡ್ ಅಂದ್ರ ಏನು?”

“ಗೊತ್ತಿಲ್ರಿ.”

“ರೆಂಟಲ್? ಇನ್ಲೆಟ್?”

“ಗೊತ್ತಿಲ್ರಿ.”

“ಅರ್ಥ ಗೊತ್ತಿಲ್ಲಂದ ಮ್ಯಾಲೆ ಶಬ್ದ ಎಲ್ಲಿಂದ ಬಂದ್ವು? ಆಕಾಶದಿಂದ ಉದುರಿದ್ವೇನು?”

“ನೋಡೀನ್ರಿ.”

“ಎಲ್ಲೆ ನೋಡಿದಿ?”

ಅವಳು ತಲೆ ತಗ್ಗಿಸಿದಳು. ಎರಡು ಸಲ ಕೇಳಿದರೂ ಬಾಯಿ ಬಿಡಲಿಲ್ಲ.

“ಎಲ್ಲೆ ಅಂದ್ರ ಮೊಬೈಲಿನ್ಯಾಗ, ಇಲ್ಲಾ ನಿಮ್ಮ ಚೀಲದಾಗ. ಬರೀರಿ ಸರ, ಊಟ ಆರಾಕತ್ತೈತಿ,” ಎಂದರು ಹಿರೇಮಠರು.

ಆಗ ಹುಡುಗಿ ತಲೆ ಎತ್ತಿ ಒಂದು ಮಾತು ಕೇಳಿದಳು. “ಉಳಿದಾರ್ನೂ ಅರ್ಥ ಕೇಳೀರೇನ್ರಿ ಸರ್?”

“ಮಾತಿಗೆ ಮಾತು ಬೆಳಸಬ್ಯಾಡ. ಹೋಗು,” ಎಂದೆ.

ಟೈರೇಡ್ ಎಂದರೆ ಎದುರಿನವನನ್ನು ಉಸಿರು ಬಿಡದೆ ಬೈಯುತ್ತ ಹೋಗುವ ಉದ್ದನೆಯ ಮಾತು. ಇದು ನನಗೆ ಗೊತ್ತಾದದ್ದು ಅವಳನ್ನು ಕರೆಸುವ ಐದು ನಿಮಿಷ ಮೊದಲು, ನನ್ನ ಮೊಬೈಲಿನಲ್ಲಿ. ಆದರೂ ಕೆಂಪು ಪೆನ್ನು ತೆಗೆದು ಹಾಳೆಯ ಮೇಲೆ ‘ನಕಲು ಶಂಕೆ’ ಎಂದು ಬರೆದು ಸಹಿ ಮಾಡಿದೆ. ಮೂವತ್ತೊಂದು ಬರೆದ ಹುಡುಗ ಜಿಲ್ಲೆಗೆ ಆಯ್ಕೆಯಾದ. ಷರಾ ಬರೆದ ಹಾಳೆಯ ಪ್ರತಿ ತಸ್ಲೀಮಾಳ ಶಾಲೆಗೆ ಹೋಯಿತು. ನಾನು ಊಟ ಮಾಡಿ, ಫಲಿತಾಂಶ ಅಪ್‌ಲೋಡ್ ಮಾಡಿ ಮನೆಗೆ ಹೋದೆ.

ಎರಡು ವಾರದ ಮೇಲೆ ಬೇರೆ ಕೆಲಸಕ್ಕೆಂದು ಆ ಶಾಲೆಗೆ ಹೋಗಿದ್ದೆ. ಮುಖ್ಯಶಿಕ್ಷಕಿ ಚಹಾ ಕೊಟ್ಟರು, ಆದರೆ ಮುಖ ಕೊಟ್ಟು ಮಾತಾಡಲಿಲ್ಲ. ಆ ಊರಿನಲ್ಲಿ ಅವರನ್ನು ಎಲ್ಲರೂ ಅಕ್ಕೋರು ಎಂದೇ ಕರೆಯುವುದು. ತಸ್ಲೀಮಾ ಹೇಗಿದ್ದಾಳೆ ಎಂದು ನಾನೇ ಕೇಳಿದೆ.

“ಹತ್ತು ದಿನಾತ್ರಿ, ಸಾಲಿಗೆ ಬಂದಿಲ್ಲ. ಹುಡುಗ್ರೆಲ್ಲಾ ‘ಕಾಪಿ, ಕಾಪಿ’ ಅಂತ ಕರ್ಯಾಕತ್ತಿದ್ರು. ಅವರಜ್ಜಿ ಬಂದು ಟಿ.ಸಿ. ಕೊಡ್ರಿ ಅಂದ್ಲು. ಒಂದು ತಿಂಗಳ ತಡೀರಿ ಅಂತ ಕಳಿಸೇನಿ. ನಾ ಏನ್ ಸಮಾಧಾನ ಹೇಳ್ಲಿ ಸರ್? ಸಹಿ ನಿಮ್ಮದೈತಿ.”

ಟಿ.ಸಿ. ಒಯ್ದ ಹುಡುಗಿ ಇನ್ನೊಂದು ಶಾಲೆಗೆ ಹೋಗುವುದು ನಮ್ಮ ಕಡೆ ಅಪರೂಪ. ಅಕ್ಕೋರನ್ನು ಕರೆದುಕೊಂಡು ಅವಳ ಮನೆಗೆ ನಡೆದೆ.

ಅಜ್ಜಿ ಹೊಸ್ತಿಲ ಒಳಗೇ ಕೂತಿದ್ದಳು. “ಬರ್ರಿ ಸಾಹೇಬ್ರ, ಕುಂದರ್ರಿ. ಚೋರಿ ಮಾಡಿದಾಕಿ ಮನಿಗೆ ಬಂದೀರಿ. ಚಾ ಕುಡೀತೀರೋ, ಇಲ್ಲಾ ಅದಕ್ಕೂ ಶಂಕೆ ಐತೋ?”

ನಾನು ಕೂತೆ. ಕೂರಲು ಇದ್ದದ್ದು ಒಂದು ಮೂಲೆಯಷ್ಟೇ. ಸುತ್ತಲೂ ರದ್ದಿ ಪೇಪರು, ನಡುವೆ ಮೈದಾ ಅಂಟಿನ ಬೋಗುಣಿ. ಅಜ್ಜಿ ಮತ್ತು ಮೊಮ್ಮಗಳು ಕಿರಾಣಿ ಅಂಗಡಿಗಳಿಗೆ ಕಾಗದದ ಪೊಟ್ಟಣ ಮಾಡಿಕೊಡುತ್ತಿದ್ದರು. ಪೇಪರೆಲ್ಲ ಇಂಗ್ಲಿಷ್. ನಾನು ಅದನ್ನೇ ನೋಡುತ್ತಿದ್ದುದನ್ನು ಕಂಡು ಅಜ್ಜಿ ಹೇಳಿದಳು: “ಅಂಗಡಿಯವ್ರು ಇಂಗ್ಲೀಷ್ದಾವ ಬೇಕಂತಾರ್ರಿ. ಕನ್ನಡದ್ದಾದ್ರ ಗಿರಾಕಿ ಪೊಟ್ಟಣ ಓದ್ಕೋಂತ ಅಲ್ಲೇ ನಿಂದರ್ತಾನ, ಹಿಂದಿನವ್ರಿಗೆ ದಾರಿ ಬಿಡೂದಿಲ್ಲ.”

ತಸ್ಲೀಮಾ ನನ್ನತ್ತ ನೋಡದೆ ಹಾಳೆ ಮಡಿಸುತ್ತಿದ್ದಳು. “ಇವುಗಳಲ್ಲೇನು ನೀ ಶಬ್ದ ನೋಡಿದ್ದು?” ಎಂದೆ. ಅವಳು ಅಕ್ಕೋರ ಮುಖ ನೋಡಿದಳು. ಅಕ್ಕೋರು ತಡೆದು ತಡೆದು ಹೇಳಿದರು.

“ತಪ್ಪು ನಂದೂ ಐತ್ರಿ ಸರ್. ಮನ್ಯಾಗ ಕೆಲಸ ಮಾಡ್ತೇವಿ ಅಂತ ಆಫೀಸಿನವ್ರ ಮುಂದ ಬಾಯಿ ಬಿಡಬ್ಯಾಡ್ರಿ ಅಂತ ಮಕ್ಕಳಿಗೆ ನಾನ ಹೇಳಿದ್ದೆ. ಬಾಲಕಾರ್ಮಿಕರು ಅಂತ ಬರಕೊಂಡು ಹೋದ್ರ ಅನ್ನೋ ಅಂಜಿಕಿ. ಹೇಳವಾ ಈಗ, ಹೇಳು.”

“ಮಡಿಸೋವಾಗ ಶಬ್ದ ನಡುವ ಮುರೀತಾವ್ರಿ,” ಎಂದಳು ತಸ್ಲೀಮಾ. “ಅರ್ಧ ಕಾಣ್ತೈತಿ, ಅರ್ಧ ಒಳಗ ಹೋಗ್ತೈತಿ. ಒಳಗ ಹೋಗಿದ್ದು ಏನಿರಬೇಕು ಅಂತ ಮನಸಿನ್ಯಾಗ ಹಿಡೀತೇನಿ. ಆಮ್ಯಾಲೆ ಬಿಚ್ಚಿ ನೋಡ್ತೇನಿ. ಮೊದಲ ತಪ್ಪತಿತ್ತು. ಈಗ ತಪ್ಪೂದಿಲ್ರಿ.”

ಅರ್ಥವನ್ನು ಅವಳಿಗೆ ಯಾರೂ ಹೇಳಿರಲಿಲ್ಲ. ಕೇಳಲು ಮನೆಯಲ್ಲಿ ಯಾರೂ ಇರಲಿಲ್ಲ. ನಾನು ಚೀಲದಿಂದ ಹಾಳೆ ತೆಗೆದು ಬೇರೆ ಒಂಬತ್ತು ಅಕ್ಷರ ಬರೆದು ಕೊಟ್ಟೆ. ಅಂಟಿನ ಕೈ ಒರೆಸಿಕೊಂಡು ಬರೆಯತೊಡಗಿದಳು. ಅರ್ಧ ಗಂಟೆಯಲ್ಲಿ ಎಪ್ಪತ್ತೆರಡು ಶಬ್ದ ಬರೆದಳು. ಎಣಿಸುವಾಗ ನನಗೆ ನಾಚಿಕೆಗಿಂತ ಹೆಚ್ಚಾಗಿ ದಣಿವಾಯಿತು. ಇಷ್ಟು ವರ್ಷ ಮಾಡಿದ ಕೆಲಸವೆಲ್ಲ ಒಮ್ಮೆಲೇ ಮೈಮೇಲೆ ಕೂತಂತೆ.

ಮರುದಿನ ಕಚೇರಿಯಲ್ಲಿ ಕ್ಷೇತ್ರ ಶಿಕ್ಷಣಾಧಿಕಾರಿ ಸಾಹೇಬರ ಮುಂದೆ ನಿಂತೆ. ಜಿಲ್ಲಾ ಸ್ಪರ್ಧೆ ಮುಗಿದು ನಾಲ್ಕು ದಿನವಾಗಿತ್ತು. ಅದನ್ನು ತಿರುಗಿಸುವಂತಿರಲಿಲ್ಲ. ಷರಾ ತೆಗೆದುಹಾಕಲು ಅನುಮತಿ ಬೇಕೆಂದೆ.

“ಮುಗದದ್ದನ್ನ ಯಾಕ ಕೆದರ್ತೀರಿ? ಮೂರು ವರ್ಷ ಸುಮ್ಮನ ಕಳೀರಿ, ರಿಟೈರ್ ಆಗ್ರಿ,” ಎಂದರು ಅವರು.

“ಹುಡುಗಿ ಟಿ.ಸಿ. ಒಯ್ಯಾಕತ್ತಾಳ್ರಿ ಸಾಹೇಬ್ರ.”

“ಹಂಗಾದ್ರ ಆಕಿ ಅಷ್ಟು ಶಬ್ದ ಹೆಂಗ ಬರದ್ಲು ಅಂತ ಕಾರಣ ಬರದು ಕೊಡ್ರಿ. ಕಾರಣ ಇಲ್ದ ಷರಾ ತಗಿಯಾಕ ಬರೂದಿಲ್ಲ.”

ಕಾರಣ ನನ್ನ ಬಳಿ ಇತ್ತು. ಆದರೆ ಅದನ್ನು ಕಾಗದದ ಮೇಲೆ ಬರೆದರೆ ಅಜ್ಜಿಯ ಬೋಗುಣಿ, ಹುಡುಗಿಯ ಅಂಟಿನ ಕೈ ಎಲ್ಲವೂ ಕಡತಕ್ಕೆ ಹೋಗುತ್ತಿದ್ದವು. ಅಲ್ಲಿಂದ ಅದು ಯಾವ ಇಲಾಖೆಯ ಮೇಜಿಗೆ ಹೋಗುತ್ತದೋ ಯಾರಿಗೆ ಗೊತ್ತು. ಅವಳು ನನ್ನ ಮುಂದೆ ಬಾಯಿ ಬಿಡದೆ ಉಳಿಸಿಕೊಂಡದ್ದನ್ನು ನಾನು ಸಹಿ ಹಾಕಿ ಬಿಟ್ಟುಕೊಡುವುದು ಸರಿಯೆನಿಸಲಿಲ್ಲ. ಬಹಳ ಹೊತ್ತು ಕೂತು ಬರೆದದ್ದು ಮೂರೇ ಸಾಲು: ‘ನಿಯಮದಲ್ಲಿ ಇಲ್ಲದ ಪ್ರಶ್ನೆಯನ್ನು ಒಬ್ಬ ವಿದ್ಯಾರ್ಥಿನಿಗೆ ಮಾತ್ರ ಕೇಳಿದ್ದೇನೆ. ನಕಲಿಗೆ ಯಾವ ಪುರಾವೆಯೂ ಇರಲಿಲ್ಲ. ತಪ್ಪು ಸಂಪೂರ್ಣವಾಗಿ ನನ್ನದು.’

ಷರಾ ಹೋಯಿತು. ನನಗೆ ನೋಟಿಸು ಬಂತು. ತಿಂಗಳೊಳಗೆ ಬಿ.ಆರ್.ಪಿ. ಹುದ್ದೆಯಿಂದ ಬಿಡಿಸಿ ಹಾನಗಲ್ಲ ತಾಲ್ಲೂಕಿನ ಒಂದು ಹೈಸ್ಕೂಲಿಗೆ ಹಾಕಿದರು. ಹೋಗುವ ಮುನ್ನ ತಸ್ಲೀಮಾಳ ಶಾಲೆಗೆ ಹೋಗಿ, ಮುಂಜಾನೆಯ ಪ್ರಾರ್ಥನೆಯ ಸಾಲಿನ ಮುಂದೆ ನಿಂತು ಆ ಮೂರು ಸಾಲನ್ನು ಗಟ್ಟಿಯಾಗಿ ಓದಿದೆ. ಮಕ್ಕಳಿಗೆ ಎಷ್ಟು ತಿಳಿಯಿತೋ. ಅಜ್ಜಿ ಗೇಟಿನ ಹತ್ತಿರ ನಿಂತು ಕೇಳಿ ಮನೆಗೆ ಹೋದಳು. ಮಾರನೆಯ ದಿನ ತಸ್ಲೀಮಾ ತರಗತಿಗೆ ಬಂದಳೆಂದು ಅಕ್ಕೋರು ಫೋನು ಮಾಡಿದರು.

ಈ ನೌಕರಿ ನನಗೆ ಕಲಿಸಿದ್ದು ಇಷ್ಟು: ಒಂದು ಪ್ರಶ್ನೆಯನ್ನು ಕೇಳುವುದಾದರೆ ಎಲ್ಲರಿಗೂ ಕೇಳಬೇಕು. ಕಡಿಮೆ ಬರೆದವನನ್ನು ನಂಬಿ, ಹೆಚ್ಚು ಬರೆದವಳಿಂದ ಮಾತ್ರ ಲೆಕ್ಕ ಕೇಳಿದರೆ ಅದು ಪರೀಕ್ಷೆಯಲ್ಲ. ಉಳಿದ ಮೂರು ವರ್ಷ ಹಾಗೆಯೇ ನಡೆದುಕೊಂಡೆ. ಅದರಿಂದ ತಸ್ಲೀಮಾಳಿಗೆ ಯಾವ ಲಾಭವೂ ಆಗಲಿಲ್ಲ ಎಂಬುದನ್ನೂ ಹೇಳಬೇಕು.

ಮರುವರ್ಷ ಅದೇ ಸ್ಪರ್ಧೆಯ ಸುತ್ತೋಲೆ ಬಂದಾಗ ಹಾನಗಲ್ಲಿನಿಂದ ಅಕ್ಕೋರಿಗೆ ಫೋನು ಮಾಡಿ, ಅವಳ ಹೆಸರು ಕಳಿಸಿರಿ ಎಂದೆ. ಅವರು ಫೋನನ್ನು ಅವಳ ಕೈಗೇ ಕೊಟ್ಟರು.

“ಅಕ್ಕೋರು ಹೆಸರು ಬರಸ್ಯಾರ್ರಿ ಸರ್, ಹೋಗ್ತೇನಿ,” ಎಂದಳು. “ಆದ್ರ ಮೂವತ್ತು ಬರದು ಪೆನ್ನು ಇಡ್ತೇನಿ. ಅಷ್ಟಾದ್ರ ಯಾರೂ ಏನೂ ಕೇಳೂದಿಲ್ಲಲ್ರಿ.”

ಅವಳು ಹೋದಳು, ಮೂವತ್ತೇ ಬರೆದಳು, ಮೂರನೆಯ ಸ್ಥಾನ ಬಂತು. ಇಡೀ ಜೀವಮಾನ ಮಕ್ಕಳಿಗೆ ಇನ್ನೂ ಬರೆಯಿರಿ, ಇನ್ನೂ ಬರೆಯಿರಿ ಎಂದವನು ನಾನು. ಬರೆಯುವುದನ್ನು ಎಲ್ಲಿ ನಿಲ್ಲಿಸಬೇಕೆಂಬುದನ್ನು ಅವಳು ನನ್ನಿಂದಲೇ ಕಲಿತಳು.