ಕರೆಗಂಟೆ ಒತ್ತದ ನೊರೆಯಣ್ಣ

ಮಾರ್ಚ್ ಹನ್ನೊಂದು, ಮಂಗಳವಾರ, ಬೆಳಗಿನ ಐದು ಗಂಟೆ ನಲವತ್ತು ನಿಮಿಷ. ನಾಲ್ಕನೆಯ ಮಹಡಿಯ ಮೆಟ್ಟಿಲ ಬಳಿ, ಗೋಡೆಗೆ ಬಿಗಿದ ಗ್ಯಾಸ್ ಮೀಟರಿನ ಮುಂದೆ ಗ್ಯಾಸ್ ಕಂಪನಿಯವರೊಬ್ಬರು ಮಂಡಿಯೂರಿ ಕೂತಿದ್ದಾರೆ. ಒಲೆ ಆರಿಸಿದ್ದೇವೆ ಎಂದು ಮನೆಯವರು ಫೋನಿನಲ್ಲಿ ಹೇಳಿದ್ದಾರೆ. ಆದರೂ ಮೀಟರಿನ ಕೊನೆಯ ಅಂಕಿ ನಿಧಾನವಾಗಿ ಉರುಳುತ್ತಿದೆ. ಅಂದರೆ ಒಳಗೆ ಎಲ್ಲೋ ಗ್ಯಾಸ್ ಸೋರುತ್ತಿದೆ. ಅವರು ಪಕ್ಕದ ವಾಲ್ವ್ ತಿರುಗಿಸುತ್ತಾರೆ. ಅಂಕಿ ನಿಲ್ಲುತ್ತದೆ. ಆಮೇಲೆ ಎದ್ದು ಬಾಗಿಲು ಬಡಿಯುತ್ತಾರೆ. ಕರೆಗಂಟೆ ಒತ್ತುವುದಿಲ್ಲ, ಗ್ಯಾಸ್ ತುಂಬಿರಬಹುದಾದ ಮನೆಯಲ್ಲಿ ಸ್ವಿಚ್ಚಿನ ಒಂದು ಕಿಡಿ ಸಾಕು.

ಈ ನಿಯಮವೇ ಅವರಿಗೆ ಮುಳುವು. "ನನ್ನಂಥ ಮುಖ ಇಟ್ಕೊಂಡು, ಸರಿಯಾಗಿ ಬೆಳಕಾಗೋ ಮೊದಲೇ ಯಾರದೋ ಬಾಗಿಲು ದಬದಬ ಬಡೀಬೇಕು. ಒಳಗಿದ್ದೋರು ಏನಂದ್ಕೋತಾರೆ ಹೇಳಿ! ನಾನಾಗಿದ್ರೂ ಬೆಚ್ಚಿ ಬೀಳ್ತಿದ್ದೆ" ಎಂದು ನಗುತ್ತಾರೆ.

ಅವರದು ಕಡುಗಪ್ಪು ಮೈಬಣ್ಣ, ಒತ್ತಾದ ಗುಂಗುರು ಕೂದಲು. ತಂದೆ ಹೊರದೇಶದಿಂದ ಹಡಗಿನಲ್ಲಿ ಬಂದು ಇಲ್ಲಿನ ಬಂದರಿನಲ್ಲಿ ಮೂಟೆ ಹೊತ್ತವರು. ಮಗ ಹುಟ್ಟಿದ್ದು, ಓದಿದ್ದು, ಮದುವೆಯಾದದ್ದು ಎಲ್ಲ ಇದೇ ಊರಿನಲ್ಲಿ. ಪೈಪಿನ ಬೆಸುಗೆಗಳಿಗೆ ಸೋಪಿನ ನೀರು ಹಚ್ಚಿ, ಏಳುವ ಗುಳ್ಳೆ ನೋಡಿ ಸೋರಿಕೆ ಹುಡುಕುವುದರಲ್ಲಿ ಅವರದು ಪಳಗಿದ ಕೈ. ಜೊತೆಯವರು ಪ್ರೀತಿಯಿಂದ ಕರೆಯುವುದು 'ನೊರೆಯಣ್ಣ' ಎಂದೇ. ಹದಿನೇಳು ವರ್ಷದ ಸೇವೆ. ದಿನಕ್ಕೆ ಏಳೆಂಟು ಮನೆ. ಕಳೆದ ತಿಂಗಳು ಹೋದ ನೂರ ಎಂಬತ್ತು ಮನೆಗಳಲ್ಲಿ ಹನ್ನೊಂದು ಮನೆಯವರು ಮುಖ ನೋಡಿ ಬಾಗಿಲು ಹಾಕಿಕೊಂಡಿದ್ದಾರೆ.

"ನಮ್ಮ ಭಾಷೆ ಎಷ್ಟು ಚೆನ್ನಾಗಿ ಆಡ್ತೀಯಲ್ಲ ಅಂತಾರೆ. ಏನ್ಮಾಡ್ಲಿ, ನಮ್ಮವ್ವ ಬೈತಿದ್ದಿದ್ದೇ ಈ ಭಾಷೇಲಿ, ಬೇರೆ ಯಾವುದೂ ಬರಲ್ಲ ಅಂತೀನಿ."

ಹೊಲಿಗೆ ಕೆಲಸ ಮಾಡುವ ಅವರ ಹೆಂಡತಿ ಹೇಳುವುದು ಬೇರೆ. "ಹೊರಗೆ ಯಾರು ಏನಂದ್ರು ಅಂತ ಇವರು ಒಂದು ದಿನಾನೂ ಬಾಯಿಬಿಡಲ್ಲ. ಊಟಕ್ಕೆ ಕೂತಾಗ ತಮಾಷೆ ಜಾಸ್ತಿ ಆಯ್ತು ಅಂದ್ರೆ, ಇವತ್ತು ಎಲ್ಲೋ ಬಾಗಿಲು ಹಾಕಿಸ್ಕೊಂಡು ಬಂದಿದ್ದಾರೆ ಅಂತ ಲೆಕ್ಕ."

ನಾಲ್ಕನೆಯ ಮಹಡಿಯ ಬಾಗಿಲು ಒಳಗಿನ ಸರಪಳಿ ಬಿಡುವಷ್ಟೇ ತೆರೆಯುತ್ತದೆ. ಸಂದಿಯಲ್ಲಿ ಐವತ್ತು ದಾಟಿದ ಹೆಂಗಸಿನ ಅರ್ಧ ಮುಖ.

"ನೀನಾ? ಕಂಪನೀಲಿ ಬೇರೆ ಯಾರೂ ಇರ್ಲಿಲ್ವಾ?"

ನೊರೆಯಣ್ಣ ಗುರುತಿನ ಚೀಟಿ ಹಿಡಿಯುತ್ತಾರೆ. ಆಕೆ ಅದರತ್ತ ನೋಡುವುದಿಲ್ಲ. "ಒಳಗೆ ಕಾಯಿಲೆಯ ಅಮ್ಮ ಮಲಗಿದ್ದಾರೆ. ಯಾರ್ಯಾರನ್ನೋ ಬಿಟ್ಕೊಳ್ಳೋಕಾಗಲ್ಲ. ಬೇರೆಯವರನ್ನ ಕಳಿಸಿ ಅಂತ ಫೋನ್ ಮಾಡ್ತೀನಿ."

"ಧಾರಾಳವಾಗಿ ಮಾಡಿ ಅಮ್ಮ. ಆದ್ರೆ ಒಳಗೆ ನಿಂತು ಮಾಡ್ಬೇಡಿ, ಫೋನು ತಗೊಂಡು ಈಚೆ ಬನ್ನಿ. ಲೈಟು, ಫ್ಯಾನು ಯಾವ ಸ್ವಿಚ್ಚನ್ನೂ ಮುಟ್ಬೇಡಿ. ಮೊದಲು ಕಿಟಕಿಗಳನ್ನೆಲ್ಲ ತೆಗೀರಿ."

ಹೀಗಾಗಿ ಆಕೆ ಅವರ ಮೇಲೆ ದೂರು ಹೇಳುವುದು ಅವರ ಮಗ್ಗುಲಲ್ಲೇ ನಿಂತು. "ಹೌದು, ಬಂದಿದ್ದಾನೆ... ಇಲ್ಲ, ಏನೂ ಮಾಡಿಲ್ಲ... ನೋಡಿದ್ರೆ ಭಯ ಆಗುತ್ತೆ, ಅಷ್ಟೇ." ನೊರೆಯಣ್ಣ ಬೆನ್ನು ತಿರುಗಿಸಿ ಮೀಟರಿನ ಬೆಸುಗೆಗಳಿಗೆ ಬ್ರಷ್ಷಿನಿಂದ ನೊರೆ ಹಚ್ಚುತ್ತಿದ್ದಾರೆ. ಬೇರೆಯವರು ಬರಲು ನಲವತ್ತು ನಿಮಿಷ ಬೇಕು ಎನ್ನುತ್ತದೆ ಕಂಪನಿ.

ಗ್ರಾಹಕರು ಬೇಡವೆಂದರೆ ಗ್ಯಾಸ್ ನಿಲ್ಲಿಸಿ, ಚೀಟಿ ಬರೆದು ಹೊರಡಬಹುದು. ನೊರೆಯಣ್ಣ ಹೊರಡುವುದಿಲ್ಲ, ಮೆಟ್ಟಿಲ ಮೇಲೆ ಕೂರುತ್ತಾರೆ. ಹೊಸ ಗ್ಯಾಸ್ ಬರುವುದು ನಿಂತಿದೆ, ಆದರೆ ಈಗಾಗಲೇ ಸೋರಿದ್ದು ಒಳಗೇ ಇದೆ. ಆ ಮನೆಯ ಫ್ರಿಜ್ ತನ್ನಷ್ಟಕ್ಕೆ ಆಫ್ ಆಗಿ, ತನ್ನಷ್ಟಕ್ಕೆ ಆನ್ ಆಗುತ್ತದೆ, ಆಗಲೂ ಕಿಡಿ ಹಾರಬಹುದು. ಮೇನ್ ಸ್ವಿಚ್ ಇರುವ ಕೆಳಗಿನ ಪೆಟ್ಟಿಗೆಗೆ ಮಾಲೀಕರ ಬೀಗ. ಒಳಗೆ ಎದ್ದು ನಡೆಯಲಾಗದ ಒಂದು ಜೀವ.

ಉಳಿದ ಕಿಟಕಿ ತೆಗೆಯಲು ಒಳಗೆ ಹೋಗಿ ಮತ್ತೆ ಸರಪಳಿ ಹಾಕಿಕೊಂಡ ಆಕೆ, ಮೂರು ನಿಮಿಷದಲ್ಲಿ ಬಾಗಿಲ ಸಂದಿಗೆ ಬರುತ್ತಾರೆ. "ಅಡುಗೆಮನೆ ಕಿಟಕಿ ಬರ್ತಿಲ್ಲ. ಪೇಂಟ್ ಹೊಡೆದಾಗಿಂದ ಅಂಟ್ಕೊಂಡಿದೆ."

"ನಾನು ಬರ್ಲಾ?"

ಆಕೆಯ ಕೈ ಸರಪಳಿಯ ಮೇಲೇ ಇದೆ. ಒಳಗಿನಿಂದ ಮುದಿ ದನಿಯೊಂದು ಸಿಡಿಯುತ್ತದೆ: "ಯಾರಾದ್ರೇನೇ, ಒಳಗೆ ಬಿಡೇ! ತಲೆ ಸುತ್ತುತ್ತಿದೆ ನನಗೆ!"

ಸರಪಳಿ ಕಳಚುತ್ತದೆ. ಕಿಟಕಿಯ ಅಂಚಿನ ಬಣ್ಣವನ್ನು ಚಪ್ಪಟೆ ಉಳಿಯಿಂದ ಬಿಡಿಸಿ, ಅಂಗೈಯಿಂದ ಗುದ್ದಿ ತೆರೆಯಲು ಅವರಿಗೆ ಹಿಡಿದದ್ದು ಒಂದೇ ನಿಮಿಷ. ತಣ್ಣನೆಯ ಗಾಳಿ ನುಗ್ಗುತ್ತದೆ. ತಾಯಿಯ ಮಂಚವನ್ನು ಇಬ್ಬರೂ ಸೇರಿ ಹೊರಬಾಗಿಲ ಬಳಿಗೆ ಎಳೆಯುತ್ತಾರೆ. ಮನೆ ಚೆನ್ನಾಗಿ ಗಾಳಿಯಾಡಿದ ಮೇಲೆ ಒಲೆಯ ಹಿಂದೆ ಟಾರ್ಚಿನ ಬೆಳಕು ಬಿದ್ದಾಗ ಕಂಡದ್ದು, ಬಿಸಿಗೆ ಬಿರುಕುಬಿಟ್ಟ ರಬ್ಬರ್ ಪೈಪು.

"ವಾಸನೆ ಯಾವಾಗಿಂದ ಬರ್ತಿತ್ತು ಅಮ್ಮ?"

"ಮೂರು ದಿನ ಆಯ್ತು." ಆಕೆ ತಡೆದು ತಡೆದು ಹೇಳುತ್ತಾರೆ. "ಕೆಳಗಿನ ಮನೆಗೆ ಬೇರೆ ದೇಶದವರು ಬಂದಿದ್ದಾರೆ. ಅವರ ಅಡುಗೆ ವಾಸನೆ ಅಂದ್ಕೊಂಡೆ. ಮಾಲೀಕರಿಗೆ ಎರಡು ಸಲ ದೂರೂ ಕೊಟ್ಟೆ."

"ಬಡ್ಕೊಂಡೆ, ಅಡುಗೆ ವಾಸನೆ ಅಲ್ಲ ಕಣೆ ಅಂತ. ನನಗೆ ತಲೆ ಸುತ್ತೋಕೆ ಶುರುವಾದ ಮೇಲೇ ಇವಳು ಕಂಪನಿಗೆ ಫೋನ್ ಮಾಡಿದ್ದು," ಮಂಚದಿಂದ ತಾಯಿ. "ಇವಳಿಗೆ ಮೂಗು ಇರೋದು ಸಿಂಡರಿಸೋದಕ್ಕೆ ಮಾತ್ರ!"

ಅಡುಗೆಯ ಗ್ಯಾಸಿಗೆ ಸ್ವಂತ ವಾಸನೆಯಿಲ್ಲ. ಸೋರಿದರೆ ಮೂಗಿಗೆ ತಿಳಿಯಲೆಂದೇ ಗಂಧಕದ ಸಂಯುಕ್ತವೊಂದನ್ನು ಅದಕ್ಕೆ ಬೆರೆಸುತ್ತಾರೆ. ಆ ಎಚ್ಚರಿಕೆ ಮೂರು ದಿನ ಸರಿಯಾಗಿಯೇ ತಲುಪಿತ್ತು. ಅದಕ್ಕೆ ಕೆಳಗಿನ ಮನೆಯವರ ವಿಳಾಸ ಹಚ್ಚಿದ್ದು ಮೂಗಲ್ಲ.

ನೊರೆಯಣ್ಣ ಪೈಪು ಬದಲಿಸುತ್ತಲೇ ಹೇಳುತ್ತಾರೆ: "ಅವರು ಏನೇ ಅಡುಗೆ ಮಾಡಿದ್ರೂ ಗಂಧಕ ಹಾಕಲ್ಲ ಬಿಡಿ ಅಮ್ಮ." ತಾಯಿ ಕೆಮ್ಮುತ್ತಲೇ ನಗುತ್ತಾರೆ. ಮಗಳು ನಗುವುದಿಲ್ಲ. ಮೆಟ್ಟಿಲ ಬಳಿ ಹೋಗಿ ಕಂಪನಿಗೆ ಫೋನ್ ಮಾಡಿ, ಇನ್ನೊಬ್ಬರು ಬರುವುದು ಬೇಡ ಎನ್ನುತ್ತಾರೆ. ಕಾರಣ ಕೇಳಿದಾಗ, "ಬಂದಿರೋರೇ ಮಾಡ್ತಿದ್ದಾರೆ" ಎಂದಷ್ಟೇ ಉತ್ತರ.

ಹೀಗೆ ಬೇಡವೆಂದವರ ಮನೆಯಲ್ಲಿ ಇಷ್ಟು ಮುತುವರ್ಜಿ ಏಕೆ? ಅವರ ಉತ್ತರ ಚಿಕ್ಕದು. "ನನ್ನ ಮುಖ ಬೇಡ ಅನ್ನೋರಿಗೆ, ಇನ್ನೊಂದ್ಸಲ ನನ್ನನ್ನ ಕರೆಯೋ ಗತಿ ಬರದ ಹಾಗೆ ಕೆಲಸ ಮಾಡಿಕೊಡ್ತೀನಿ. ಅದೇ ನನ್ನ ಹಟ."

ಇನ್ನುಳಿದಿರುವುದು ಕೊನೆಯ ಪರೀಕ್ಷೆ. ಮೀಟರಿಗೆ ಬಾಗಿದ ಗಾಜಿನ ನಳಿಗೆಯೊಂದನ್ನು ಜೋಡಿಸುತ್ತಾರೆ. ಅದರಲ್ಲಿ ಕೆಂಪು ನೀರು. ಪೈಪಿಗೆ ಗ್ಯಾಸ್ ತುಂಬಿಸಿ ವಾಲ್ವ್ ಮುಚ್ಚಿದರೆ, ಒತ್ತಡಕ್ಕೆ ಏರಿದ ನೀರು ಅಲ್ಲೇ ನಿಲ್ಲಬೇಕು. ಕೂದಲೆಳೆಯಷ್ಟು ಸೋರಿಕೆ ಇದ್ದರೂ ಇಳಿಯುತ್ತದೆ. ಅಳತೆಯನ್ನು ಅವರೇ ಓದಿ ಬರೆದುಕೊಳ್ಳಬಹುದು. ಆದರೆ ಹದಿನೇಳು ವರ್ಷದಿಂದ ಅವರು ಅದನ್ನು ಮನೆಯವರಿಂದಲೇ ಓದಿಸುತ್ತಾರೆ.

"ನನ್ನ ಮಾತು ನಂಬೋಕೆ ಕೆಲವರಿಗೆ ಕಷ್ಟ. ಬಣ್ಣದ ನೀರನ್ನ ಮಾತ್ರ ಎಲ್ಲರೂ ನಂಬ್ತಾರೆ," ಎಂದು ಕಣ್ಣು ಮಿಟುಕಿಸುತ್ತಾರೆ.

ಆಕೆ ಕನ್ನಡಕ ಹಾಕಿಕೊಂಡು ಬಂದು, ತಣ್ಣನೆಯ ನೆಲದ ಮೇಲೆ ಅವರ ಪಕ್ಕದಲ್ಲಿ ಮಂಡಿಯೂರುತ್ತಾರೆ. ಇಬ್ಬರ ಮುಖಗಳ ನಡುವೆ ಒಂದು ಗೇಣು ಅಂತರ.

"ಎಲ್ಲಿ ನೋಡ್ಬೇಕು, ಹೇಳಿ."

"ನೀರಿನ ಅಂಚು ಎಲ್ಲಿದೆಯೋ ಅಲ್ಲಿ. ನಿಧಾನವಾಗಿ ನೋಡಿ, ಅವಸರ ಇಲ್ಲ."

ಗಡಿಯಾರ ನೋಡುತ್ತ ಎರಡು ನಿಮಿಷ ಇಬ್ಬರೂ ಕೂರುತ್ತಾರೆ. ಆಮೇಲೆ ಆಕೆ ಓದಿ, ತಮ್ಮ ಕೈಯಿಂದಲೇ ಚೀಟಿಯಲ್ಲಿ ಬರೆಯುತ್ತಾರೆ: ಮೊದಲು ಇನ್ನೂರು ಮಿಲಿಮೀಟರ್, ಎರಡು ನಿಮಿಷದ ನಂತರ ಇನ್ನೂರು ಮಿಲಿಮೀಟರ್, ಇಳಿಕೆ ಸೊನ್ನೆ.