ಬೇಯಿಸಿದವರು ಕೂರುವ ತನಕ

ಆಫೀಸಿನಲ್ಲಿ ನಾವೆಲ್ಲ ಅಕ್ಕ ಎನ್ನುತ್ತಿದ್ದವರ ಬಲಗೈಯಲ್ಲಿ, ಮಣಿಕಟ್ಟಿನಿಂದ ಮೊಣಕೈವರೆಗೆ, ಎಣ್ಣೆ ಸಿಡಿದ ಕಪ್ಪು ಚುಕ್ಕೆಗಳಿದ್ದವು. ನಾದಿನಿಯ ಮದುವೆಗೆ ಚಕ್ಕುಲಿ ಕರಿಯುವಾಗ ಆದದ್ದು ಎಂದು ಒಮ್ಮೆ ಹೇಳಿದ್ದರು. ಇನ್ನೊಮ್ಮೆ, ಬೀಗರ ಊಟಕ್ಕೆ ಒಗ್ಗರಣೆ ಹಾಕುವಾಗ ಎಂದು. ಯಾವುದು ನಿಜವೋ. ಎರಡನ್ನೂ ನಾನೇ ಕಟ್ಟಿಕೊಂಡಿರಲೂಬಹುದು.

ಶ್ರೀರಂಗಪಟ್ಟಣದಲ್ಲಿ ಗೊಬ್ಬರದಂಗಡಿಯ ಮಹಡಿ ಮೇಲೆ ನಮ್ಮ ಆಫೀಸು. ಹಿಮದ ಕಾಡಿನಲ್ಲಿ ಗುಂಪುಗೂಡಿ ಜೀವ ಉಳಿಸಿಕೊಳ್ಳುವ ಆನ್‌ಲೈನ್ ಆಟವೊಂದನ್ನು ಕಟ್ಟುತ್ತಿದ್ದೆವು. ಅದರ ನಿಯಮ ಬರೆಯುವುದು ಅಕ್ಕನ ಕೆಲಸ. ಮನೆಮಂದಿಗೆಲ್ಲ ಬೇಯಿಸಿಟ್ಟು ಕಿರಂಗೂರಿನಿಂದ ಸ್ಕೂಟರಿನಲ್ಲಿ ಬರುತ್ತಿದ್ದರು. ಬಂದೊಡನೆ ಬ್ಯಾಗಿನಿಂದ ಕಡ್ಲೆಪುರಿ ತೆಗೆದು ಬಾಯಿಗೆ ಹಾಕಿಕೊಳ್ಳುತ್ತಿದ್ದರು. ಅದೇ ತಿಂಡಿ. "ಉಂಡೋರು ಎದ್ದೋಯ್ತಾರೆ, ಬಡಿಸ್ದೋಳು ತಳ ಕೆರೀತಾಳೆ" ಅನ್ನುವುದು ಅವರ ಮಾತು, ನಗುತ್ತಲೇ ಹೇಳುತ್ತಿದ್ದರು.

ಗುಂಪು ಒಟ್ಟಿಗೆ ಕೂತು ಉಂಡರೆ ಎಲ್ಲರಿಗೂ ಚಳಿ ತಡೆಯುವ ಶಕ್ತಿ ಬೋನಸ್ಸಾಗಿ ಸಿಗಬೇಕಿತ್ತು. ಅಕ್ಕ ಅದಕ್ಕೊಂದು ಷರತ್ತು ಹಾಕಿದರು: ಬೇಯಿಸಿದವರೂ ಕೂತು ಒಂದು ತುತ್ತು ಉಣ್ಣುವ ತನಕ ಯಾರಿಗೂ ಶಕ್ತಿ ಇಲ್ಲ.

ಆಡಿ ನೋಡಿದ ದಿನ ಆಟದಲ್ಲೂ ಅಡುಗೆ ಅಕ್ಕನ ಪಾಲಿಗೇ ಬಂತು. ಯಾರೂ ಹೇಳಲಿಲ್ಲ, ತಾನಾಗಿ ಬಂತು. ನಾವು ಮೂವರು ಉಂಡವರೇ ಬೇಟೆಗೆ ಓಡಿದೆವು, ಹಿಮದಲ್ಲಿ ಒಬ್ಬೊಬ್ಬರಾಗಿ ಸತ್ತೆವು.

"ಏನಕ್ಕಾ ಇದು, ಉಂಡ್ರೂ ಸತ್ವಲ್ಲ!" ಎಂದ ನಾಗಮಂಗಲದ ಗೆಳೆಯ.

"ಸಾಯ್ರಿ. ನಾನಿನ್ನೂ ಸೌಟು ಇಡ್ಕಂಡು ನಿಂತಿವ್ನಿ, ನೀವ್ ಎದ್ದೋದ್ರೆ ಇನ್ನೇನಾಯ್ತದೆ?"

"ಒಂದ್ಸಲ ಕೂಗ್ಬಾರ್ದಾ?"

"ಅದ್ನೂ ನಾನೇ ಮಾಡ್ಬೇಕೇನ್ಲಾ?"

ನಾವು ನಕ್ಕೆವು. ಹಿಂದೆ ನಿಂತು ನೋಡುತ್ತಿದ್ದ ಕಂಪನಿಯ ಯಜಮಾನರು ನಗಲಿಲ್ಲ. "ಆಡೋರಿಗೆ ಕಾಯೋ ತಾಳ್ಮೆ ಇಲ್ಲ ಕಣಮ್ಮ. ಬೇಯ್ಸೋರೂ ಕೂರ್ಬೇಕು ಅನ್ನೋದ್ನ ತೆಗ್ದಾಕ್ಬುಡು."

"ಮನೇಲಿ ಕಾಯ್ರಿ ಅಂತ ಕೇಳಂಗಿಲ್ಲ ಸಾರ್. ಇಲ್ಲಿ ರೂಲು ಬರಿಯೋಳು ನಾನಲ್ವಾ?"

"ಆಟ ಕಣಮ್ಮ ಇದು."

ಅಕ್ಕ ಜಗಳವಾಡಿದರು, ಕೆಲಸ ಬಿಟ್ಟು ನಡೆದರು ಎಂದು ನೆನಪು ಹೇಳುತ್ತದೆ. ಸುಳ್ಳು. ಅವತ್ತು ಮಧ್ಯಾಹ್ನವೇ ಆ ಷರತ್ತನ್ನು ತಾವೇ ಅಳಿಸಿದರು. ಸರಿಹೋಯಿತೇ ಎಂದು ಮತ್ತೆ ನಮ್ಮನ್ನು ಕರೆದು ಆಡಿಸಿದರು ಕೂಡ. ಆಟದೊಳಗೆ ಅವರು ಒಲೆಯ ಬಳಿ ನಿಂತೇ ಇದ್ದರು. ನಮಗೆಲ್ಲ ಶಕ್ತಿ ಬಂತು.

ಆಟ ಹೊರಬಂತು. ಊಟದ ಬೋನಸ್ಸನ್ನು ಆಡುವವರು ಬಹಳ ಮೆಚ್ಚಿದರು. ಕೆಲವು ವರ್ಷಗಳಲ್ಲೇ ಅಕ್ಕ ತೀರಿಕೊಂಡರು. ಹೊಟ್ಟೆನೋವನ್ನು ಗ್ಯಾಸ್ಟ್ರಿಕ್ ಎಂದುಕೊಂಡು ಮಾತ್ರೆ ನುಂಗುತ್ತಾ ದಿನ ದೂಡಿದ್ದರಂತೆ.

ತಿಥಿಗೆ ನಾವು ಮೂವರೂ ಹೋಗಿ ಪಂಕ್ತಿಯಲ್ಲಿ ಕೂತೆವು. ಪಿಯುಸಿ ಓದುವ ಅಕ್ಕನ ಮಗಳು ಸಾರು ಬಡಿಸುತ್ತಾ ಬಂದಳು.

"ಅವ್ವನ ಕೈಯೇ ಬಂದದೆ ಮಗೀಗೆ," ಎಂದರು ಪಕ್ಕದಲ್ಲಿ ಕೂತ ಹಿರಿಯರು, ಇನ್ನೊಂದು ಸೌಟು ಹಾಕಿಸಿಕೊಳ್ಳುತ್ತಾ.

"ನೀನೂ ಕೂತ್ಕೋ" ಎಂದು ನಾನು ಅವಳಿಗೆ ಹೇಳಿದೆ ಅಂತ ಬರೆಯಲು ಕೈ ಹಾತೊರೆಯುತ್ತಿದೆ. ಮುಂದಿನ ಪಂಕ್ತಿಯವರು ಆಗಲೇ ನಮ್ಮ ಬೆನ್ನ ಹಿಂದೆ ಬಂದು ನಿಂತಿದ್ದರು. ಎದ್ದು ಕೈ ತೊಳೆದೆವು.